ಏಪ್ರನ್ನಿನ ಎರಡನೇ ಚಾಕು

ಚಾಕುವಿನ ಕೊಕ್ಕೆ ನನ್ನ ಕಿವಿಯ ಕೆಳಗೆ ಕೂತಿತ್ತು.

ಜೋರಾಗಿ ಉಸಿರೆಳೆದರೆ ಚರ್ಮ ಹರಿಯುತ್ತದೆ... ಅಷ್ಟು ಹತ್ತಿರ!

"ಅಲ್ಲಾಡ್ಬೇಡಿ ಸಾರ್" ಅಂದ ಮೇಸ್ತ್ರಿ.

"ಅಲ್ಲಾಡೋ ಆಸೆ ನನಗೂ ಇಲ್ಲ" ಅಂದೆ.

ಬೆಳಗಿನ ಹನ್ನೊಂದು ಗಂಟೆ. ರೇಸ್ ಕುದುರೆಗಳ ಲಾಯ. ಅದರ ಮೂಲೆಯಲ್ಲಿ ಲಾಳ ಹೊಡೆಯುವ ಶೆಡ್ಡು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಸುಟ್ಟ ಗೊರಸಿನ ವಾಸನೆ. ನನ್ನ ಬೆನ್ನು ಗೋಡೆಗೆ ಒತ್ತಿಕೊಂಡಿತ್ತು. ಎದುರಿಗೆ ಮೇಸ್ತ್ರಿ. ಈ ಲಾಯದ ಹಿರಿಯ ಲಾಳಗಾರ. ವಯಸ್ಸು ಅರವತ್ತು, ತೋಳು ಮಾತ್ರ ಮೂವತ್ತರದ್ದು. ನಲವತ್ತು ವರ್ಷ ಕುದುರೆಯ ಕಾಲನ್ನು ತೊಡೆಸಂದಿನಲ್ಲಿ ಹಿಡಿದು ಕೆಲಸ ಮಾಡಿದವನಿಗೆ ನನ್ನಂಥ ನರಪೇತಲ ಯಾವ ಲೆಕ್ಕ!

ಹೆದರಿದ್ದೆ. ಸುಳ್ಳು ಯಾಕೆ ಹೇಳಲಿ? ಆದರೂ ಕಣ್ಣನ್ನು ಮೆಲ್ಲಗೆ ಕೆಳಗೆ ಹೊರಳಿಸಿ ಅವನ ಕೈ ನೋಡಿದೆ.

ಬಲಗೈ!

ಬಲಗೈಯಲ್ಲಿ ಎಡಚರ ಚಾಕು!

ಕುತ್ತಿಗೆಗೆ ಚಾಕು ಇಟ್ಟಾಗ ಖುಷಿಪಟ್ಟವನನ್ನು ನೀವು ನೋಡಿರಲಿಕ್ಕಿಲ್ಲ. ಈಗ ನೋಡಿ, ನಾನೇ ಅವನು. ಆದರೆ ಆ ಖುಷಿ ಒಂದೇ ಗಳಿಗೆ... ಹಿಂದೆಯೇ ಎದೆ ಒಡೆದುಹೋಯಿತು. ಯಾಕೆಂದರೆ ಆ ಕೈಯಲ್ಲಿ ಆ ಚಾಕು ಇರುವುದು ನಿಜವಾದರೆ, ನನ್ನ ತಮ್ಮ ಆರು ವರ್ಷದಿಂದ ಮಾಡದ ಕೊಲೆಗೆ ಜೈಲಿನಲ್ಲಿದ್ದಾನೆ.

ಕಳಿಸಿದವನು ನಾನು.

ಮೇಸ್ತ್ರಿ ಅಲ್ಲೇ ನಿಂತಿರಲಿ. ಮೊದಲು ಇದನ್ನು ಕೇಳಿ.

ನನ್ನ ಕೆಲಸ ಗಾಯ ಓದುವುದು. ಸರ್ಕಾರಿ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ. ಅಡುಗೆಮನೆ ಚಾಕು, ಮಚ್ಚು ಇವೆಲ್ಲ ನನ್ನ ಮೇಜಿಗೆ ಬರುತ್ತಿರಲಿಲ್ಲ. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ತಲೆ ಕೆರೆದುಕೊಂಡು 'ಇದು ಯಾವುದಪ್ಪಾ?' ಅಂದರೆ ಆಗ ನನಗೆ ಫೋನು. ತಿರುಪು ಬಿಚ್ಚಿದ ದರ್ಜಿ ಕತ್ತರಿಯ ಒಂದು ಅಲಗು... ಮರ ಕೆತ್ತುವವರ ದೋಣಿಯಂಥ ಉಳಿ... ಒಮ್ಮೆ ಐಸ್ ಮೇಲೆ ಜಾರುವ ಬೂಟಿನ ಪಟ್ಟಿ! ನನ್ನ ಡ್ರಾಯರುಗಳಲ್ಲಿ ಇನ್ನೂರ ಹನ್ನೊಂದು ಅಲಗುಗಳಿದ್ದವು. ಒಂದೊಂದಕ್ಕೂ ಹಂದಿಚರ್ಮದ ಮೇಲೆ ಹಾಕಿದ ಗಾಯದ ಫೋಟೋ. ಅವೇ ನನಗೆ ಹೆಂಡತಿ ಮಕ್ಕಳು.

ಆರು ವರ್ಷದ ಹಿಂದೆ ಒಂದು ಗಾಯ ಬಂತು. ಎದೆಗೆ ಅಡ್ಡಲಾಗಿ ಒಂದೇ ಗೀಟು. ಒಂದು ತುದಿ ಸಪೂರ, ಇನ್ನೊಂದು ತುದಿಯಲ್ಲಿ ಸುರುಳಿ ಸುತ್ತಿ ಹರಿದ ಮಾಂಸ. ಒಂಬತ್ತು ದಿನ ಒದ್ದಾಡಿದೆ. ಹತ್ತನೇ ದಿನ ಗೊತ್ತಾಯಿತು... ಕುದುರೆ ಗೊರಸು ಕೆತ್ತುವ ಚಾಕು! ಅದರ ತುದಿ ಪುಟ್ಟ ಕೊಕ್ಕೆಯ ಹಾಗೆ ಮಡಚಿಕೊಂಡಿರುತ್ತದೆ. ಗೊರಸಿನ ಸಂದಿಯ ಕೊಳೆ ಕೀಳುವುದಕ್ಕೆ.

ನಮ್ಮ ಲ್ಯಾಬಿಗೆ ಬರುವ ಗಾಯಕ್ಕೆ ಹೆಸರಿರುವುದಿಲ್ಲ, ನಂಬರು ಮಾತ್ರ. ಆದರೆ ಚಾಕು ಗೊತ್ತಾದ ಕೂಡಲೇ ಎದೆ ಯಾರದ್ದು ಅಂತಲೂ ಗೊತ್ತಾಯಿತು. ಈ ಲಾಯದ ಕುದುರೆ ಡಾಕ್ಟರು. ಶೆಡ್ಡಿನ ಹಿಂದೆ ಸತ್ತು ಬಿದ್ದಿದ್ದರು. ಆ ಶೆಡ್ಡಿನಲ್ಲೇ ನನ್ನ ತಮ್ಮ ಕೆಲಸಕ್ಕಿದ್ದ.

"ಈ ಫೈಲ್ ಬೇರೆಯವರಿಗೆ ಕೊಡಿ" ಅಂದರು ನಮ್ಮ ಲ್ಯಾಬಿನ ಮುಖ್ಯಸ್ಥೆ. ನಾವೆಲ್ಲ ಮೇಡಂ ಅನ್ನುತ್ತಿದ್ದೆವು.

"ಬೇರೆ ಯಾರಿದ್ದಾರೆ ಮೇಡಂ, ನನ್ನಷ್ಟು ಗೊತ್ತಿರೋರು?"

ಅದು ಜಂಬ. ಬೇರೇನೂ ಅಲ್ಲ.

ಆ ಚಾಕು ಮಾರುವ ಕಂಪನಿಯ ಕ್ಯಾಟಲಾಗ್ ತರಿಸಿದೆ. ಅದರಲ್ಲಿ ಸ್ಪಷ್ಟವಾಗಿತ್ತು: ಬಲಚರಿಗೊಂದು ಚಾಕು, ಎಡಚರಿಗೊಂದು ಚಾಕು. ಕೊಕ್ಕೆ ತಿರುಗಿರುವ ದಿಕ್ಕು ಬೇರೆ ಬೇರೆ. ಎರಡನ್ನೂ ತರಿಸಿ ಹಂದಿಚರ್ಮ ಕೊಯ್ದೆ. ಡಾಕ್ಟರ ಎದೆಯ ಗಾಯಕ್ಕೆ ಎಡಚರ ಚಾಕು ಕರಾರುವಾಕ್ಕಾಗಿ ಕೂತಿತು. ಬೀಸಿದ ದಿಕ್ಕು ಎಡದಿಂದ ಬಲಕ್ಕೆ. ರಿಪೋರ್ಟ್ ಬರೆದೆ: ಕೊಂದವನು ಎಡಗೈಯವನು.

ಶೆಡ್ಡಿನಲ್ಲಿ ಎಡಚ ಒಬ್ಬನೇ.

ನನ್ನ ತಮ್ಮ.

ಬರೆಯುವಾಗಲೇ ಗೊತ್ತಿತ್ತು ನನಗೆ. ಆದರೂ ಸಹಿ ಹಾಕಿದೆ. ಸತ್ಯಹರಿಶ್ಚಂದ್ರನ ಮೊಮ್ಮಗ ಅಂದುಕೊಂಡಿದ್ದೆ! ಕೋರ್ಟಿನಲ್ಲಿ ಜಡ್ಜ್ ಸಾಹೇಬರು ತೀರ್ಪಿನಲ್ಲೇ ಬರೆದರು... ಒಡಹುಟ್ಟಿದ ತಮ್ಮನ ವಿರುದ್ಧ ಸಾಕ್ಷಿ ಹೇಳುವವನು ಸುಳ್ಳು ಯಾಕೆ ಹೇಳುತ್ತಾನೆ? ನನ್ನನ್ನು ನಂಬಿದ್ದೇ ನಾನು ಅಣ್ಣ ಅನ್ನುವ ಕಾರಣಕ್ಕೆ. ಜೀವಾವಧಿ ಆಯಿತು.

ಜೈಲಿನಲ್ಲಿ ಒಮ್ಮೆ ನೋಡಿದೆ. ಕಂಬಿಯ ಆಚೆ ನಿಂತು ಅವನು ಹೇಳಿದ್ದು ಒಂದೇ ಮಾತು.

"ಅಣ್ಣಾ, ಏಪ್ರನ್ನಲ್ಲಿ ಎರಡು ಚಾಕು ಇರ್ತವೆ ಕಣೋ. ಎಲ್ಲರ ಹತ್ರಾನೂ ಇರ್ತವೆ. ಯಾರನ್ನಾದ್ರೂ ಕೇಳು."

"ಕ್ಯಾಟಲಾಗ್ ನೋಡಿದೀನಿ."

"ಕ್ಯಾಟಲಾಗು ಕುದುರೆ ಕಾಲು ಹಿಡಿಯುತ್ತೇನೋ? ನನ್ನ ಕೇಳು!"

ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಹನ್ನೊಂದು ವರ್ಷ ಆ ಕಸುಬು ಮಾಡಿದವನು ಒಂದೇ ಮನೆಯಲ್ಲಿ ನನ್ನ ಪಕ್ಕ ಕೂತು ಊಟ ಮಾಡಿದ್ದ. ಅವನನ್ನು ಬಿಟ್ಟು ಕ್ಯಾಟಲಾಗನ್ನು ನಂಬಿದೆ.

ಮೇಸ್ತ್ರಿಯ ಶೆಡ್ಡಿಗೆ ಹೋಗುವ ಒಂದು ತಿಂಗಳು ಮುಂಚೆ ಊರಾಚೆಯ ಒಂದು ಕುದುರೆ ಫಾರ್ಮಿಗೆ ಹೋಗಿದ್ದೆ. ನನ್ನ ಡ್ರಾಯರಿಗೆ ಒಂದು ಹಳೇ ಚಾಕು ಬೇಕಿತ್ತು. ಅಲ್ಲಿ ಲಾಳ ಹೊಡೆಯುತ್ತಿದ್ದವಳು ಒಬ್ಬ ಗಟ್ಟಿಗಿತ್ತಿ ಹೆಂಗಸು. ಬಲಗೈಯವಳು. ಗೊರಸಿನ ಅರ್ಧ ಭಾಗವನ್ನು ಚಾಕು ತನ್ನ ಕಡೆ ಎಳೆಯುತ್ತ ಕೆತ್ತಿದಳು. ಆಮೇಲೆ ಅದನ್ನು ಏಪ್ರನ್ನಿನ ಜೇಬಿಗೆ ಸಿಕ್ಕಿಸಿ ಇನ್ನೊಂದು ಚಾಕು ತೆಗೆದಳು. ಕೈ ಅದೇ ಬಲಗೈ. ಉಳಿದರ್ಧವನ್ನು ಹೊರಕ್ಕೆ ತಳ್ಳುತ್ತ ಕೆತ್ತಿದಳು.

ಕೊಕ್ಕೆ ನೋಡಿದೆ. ಎಡಚರ ಚಾಕು!

"ಅಮ್ಮಾ... ಅದು ಎಡಗೈಯವರದ್ದಲ್ವಾ?"

ಆಕೆ ಬಿದ್ದು ಬಿದ್ದು ನಕ್ಕಳು. "ತಲೆ ನರೆತಿದೆ, ಇಷ್ಟೂ ಗೊತ್ತಿಲ್ವಾ ಸಾರ್? ಗೊರಸಿಗೆ ಎರಡು ಪಕ್ಕ ಇರುತ್ತೆ. ಒಂದು ಪಕ್ಕಕ್ಕೆ ಒಂದು ಚಾಕು, ಇನ್ನೊಂದು ಪಕ್ಕಕ್ಕೆ ಇನ್ನೊಂದು. ಇಲ್ಲಾಂದ್ರೆ ನಮಗೋಸ್ಕರ ಕುದುರೆ ತಲೆಕೆಳಗಾಗಿ ನಿಲ್ಲುತ್ತಾ?"

"ಎಲ್ಲರ ಹತ್ರಾನೂ ಎರಡಿರುತ್ತಾ?"

"ಎಲ್ಲರ ಹತ್ರಾನೂ."

ಬೇಲಿ ಹಿಡಿದುಕೊಂಡು ವಾಂತಿ ಮಾಡಿದೆ. ಎಡಗೈಯವನು ಹೊರಗಿನಿಂದ ಒಳಕ್ಕೆ ಬೀಸಿದರೂ, ಬಲಗೈಯವನು ಎಡಭುಜದ ಕಡೆಯಿಂದ ಹೊರಕ್ಕೆ ಹಿಂಗೈ ಬೀಸಿದರೂ ಚಾಕು ಹೋಗುವುದು ಎಡದಿಂದ ಬಲಕ್ಕೇ. ಗಾಯ ಒಂದೇ! ಆ ಕಸುಬಿನವರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಟ್ರೇನಿಂಗಿಗೆ ಬಂದವರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನು.

ಆಕೆ ನೀರು ಕೊಟ್ಟು ಬೆನ್ನು ಸವರಿದಳು. ಸುಧಾರಿಸಿಕೊಂಡು ಇನ್ನೊಂದು ಪ್ರಶ್ನೆ ಕೇಳಿದೆ. "ಹಳೇ ಚಾಕುಗಳನ್ನ ಏನ್ಮಾಡ್ತೀರಿ?"

"ಅನ್ನ ಕೊಟ್ಟ ಹತ್ಯಾರು ಎಸೆಯೋಕಾಗುತ್ತಾ? ಸವೆದು ಕಡ್ಡಿ ಆದ್ರೂ ಪೆಟ್ಟಿಗೇಲಿ ಇಟ್ಕೋತೀವಿ."

ಆ ಕೊಲೆಯ ದಿನ ಶೆಡ್ಡಿನಲ್ಲಿ ಲಾಳಗಾರರು ಇಬ್ಬರೇ ಇದ್ದರು. ನನ್ನ ತಮ್ಮ ಮತ್ತು ಅವನಿಗೆ ಕಸುಬು ಕಲಿಸಿದ ಮೇಸ್ತ್ರಿ. ಆ ಠಾಣೆಯ ಇನ್ಸ್‌ಪೆಕ್ಟರನ್ನು ಕಂಡೆ. "ಆರು ವರ್ಷದ ಹಳೇ ಕೇಸು ಸಾರ್. ಹೊಸ ಸಾಕ್ಷಿ ತನ್ನಿ, ನೋಡೋಣ" ಅಂದ. ಮೇಸ್ತ್ರಿ ರೇಸ್ ಟ್ರ್ಯಾಕಿಗೆ ಹೋಗುವ ಹೊತ್ತು ನೋಡಿಕೊಂಡು ಶೆಡ್ಡಿಗೆ ನುಗ್ಗಿದೆ. ತಗಡಿನ ಪೆಟ್ಟಿಗೆ ತೆರೆದೆ. ಒಳಗೆ ಹದಿನಾಲ್ಕು ಹಳೇ ಚಾಕು. ಹದಿಮೂರು ಸಾಣೆ ಕೊಟ್ಟು ಕೊಟ್ಟು ಸವೆದು ಬೆರಳಿನಷ್ಟು ಸಣ್ಣಗಾಗಿದ್ದವು.

ಒಂದು ಮಾತ್ರ ಅಗಲ. ತುಕ್ಕು ಹಿಡಿದಿದೆ. ಎಡಚರ ಕೊಕ್ಕೆ. ಅರ್ಧ ಆಯಸ್ಸಿಗೇ ಪೆನ್ಶನ್ ತಗೊಂಡ ಚಾಕು!

ಕೊಂದ ಮೇಲೆ ಅದನ್ನು ಮತ್ತೆ ಗೊರಸಿಗೆ ಇಡಲು ಅವನಿಗೆ ಮನಸ್ಸು ಬಂದಿಲ್ಲ. ಎಸೆಯಲೂ ಮನಸ್ಸು ಬಂದಿಲ್ಲ.

ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿದೆ. ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ.

ಕಿತ್ತುಕೊಂಡ. ಗೋಡೆಗೆ ಒತ್ತಿದ. ಈಗ ಕಥೆ ಶುರುವಾದ ಜಾಗಕ್ಕೇ ಮತ್ತೆ ಬಂದೆವು.

"ಯಾಕೆ ಮಾಡಿದ್ರಿ?" ಅಂದೆ.

"ಡಾಕ್ಟ್ರು ಮೇಲಿನೋರಿಗೆ ಬರೆದುಕೊಡ್ತೀನಿ ಅಂದ್ರು. ಗೆಲ್ಲೋ ಕುದುರೆ ಸೋಲ್ಲಿ ಅಂತ ನಾನು ಬೇಕಂತ್ಲೇ ಲಾಳದ ಮೊಳೆ ಮಾಂಸಕ್ಕೆ ತಾಗಿಸ್ದೆ ಅಂತ."

"ತಾಗಿಸಿದ್ರಾ?"

"ತಾಗಿಸ್ದೆ." ಅವನ ಕಣ್ಣು ಮಿಟುಕಲಿಲ್ಲ. "ನಲವತ್ತು ವರ್ಷದ ಹೆಸರು ಸಾರ್. ಒಂದು ಕಾಗದದಲ್ಲಿ ಹೋಗ್ಬಿಡೋದು."

"ನನ್ನ ತಮ್ಮನ್ನ ಮಗನ ಥರ ನೋಡ್ಕೊಂಡ್ರಂತೆ! ಅಂಥವನನ್ನ ಜೈಲಿಗೆ ತಳ್ಳಿದ್ರಲ್ಲ!"

"ನಾನಾ?" ಅವನು ನಿಜಕ್ಕೂ ಬೆಚ್ಚಿದ. "ಪೊಲೀಸ್ನೋರು ಎಡಚ ಯಾರು ಅಂತ ಕೇಳಿದ್ರು. ಹೇಳ್ದೆ. ಎಡಚನ್ನ ಹುಡುಕಿ ಅಂತ ಬರೆದವರು ಯಾರು ಸಾರ್? ನಾನು ಬರೆದ್ನಾ?"

ಚಾಕು ಇನ್ನೂ ತಾಗಿರಲಿಲ್ಲ. ಆದರೆ ಆ ಮಾತು ಒಳಗೆ ಇಳಿಯಿತು.

ಆಗಲೇ ಹೊಳೆದದ್ದು. ಚಾಕು ಕದ್ದುಕೊಂಡು ಹೋದರೆ 'ನನ್ನದಲ್ಲ' ಅಂದುಬಿಡುತ್ತಾನೆ. ಹಾಗನ್ನದಂತೆ ಮಾಡಲು ಒಂದೇ ದಾರಿ. ಈ ಚಾಕು, ಈ ಕೈ, ಅದೇ ಗಾಯ... ಇನ್ನೊಂದು ಸಲ. ಹಂದಿಚರ್ಮದ ಮೇಲಲ್ಲ! ಅವನನ್ನು ಕೆಣಕಲು ಬಾಯಿಗೆ ಬಂದದ್ದು ಹೇಳಿದೆ.

"ಮೇಸ್ತ್ರಿ, ಆ ಕುದುರೆ ಪಾಪ, ಓಡೋದಕ್ಕೆ ಮುಂಚೇನೇ ಕುಂಟ್ತಿತ್ತಂತೆ. ಮೊಳೆ ಸರಿಯಾಗಿ ಹೊಡೆಯೋಕೂ ಬರಲ್ಲ, ಮೋಸದ ಮೊಳೆ ಹೊಡೆಯೋಕೂ ಬರಲ್ಲ. ನಿಮ್ಮದೂ ಒಂದು ಕಸುಬಾ?"

ಅವನ ಮುಖ ಕಪ್ಪಿಟ್ಟಿತು. ಚಾಕು ಕಿವಿಯಿಂದ ಸರಿಯಿತು. ಬಲಗೈ ಎಡಭುಜದವರೆಗೆ ಹೋಯಿತು...

ಹಿಂಗೈ ಬೀಸಿದ!

ಎಡ ಮುಂಗೈ ಅಡ್ಡ ಕೊಟ್ಟೆ.

ನೋವು ತಕ್ಷಣ ಬರಲಿಲ್ಲ. ಮೊದಲು ಬಂದದ್ದು ಸದ್ದು, ದಪ್ಪ ಬಟ್ಟೆ ಹರಿದ ಹಾಗೆ. ಆಮೇಲೆ ಬೆಂಕಿ. ಮೇಸ್ತ್ರಿ ಚಾಕು ಎಳೆದ. ಬರಲಿಲ್ಲ. ಕೊಕ್ಕೆ ಒಳಗೆಲ್ಲೋ ಸಿಕ್ಕಿಕೊಂಡಿತ್ತು! ಮೊಣಕಾಲಿನಿಂದ ಅವನ ಹೊಟ್ಟೆಗೆ ಗುದ್ದಿದೆ. ಕೈ ಬಿಟ್ಟ. ಚಾಕುವಿನ ಸಮೇತ ಓಡಿದೆ!

"ಕಳ್ಳ! ಕಳ್ಳ! ಹಿಡೀರಿ!"

ಲಾಯದ ಓಣಿ ಉದ್ದಕ್ಕೂ ಕುದುರೆಗಳು ತಲೆ ಹೊರಗೆ ಹಾಕಿದವು. ಎದುರಿಂದ ಇಬ್ಬರು ಬಂದರು. ಒಬ್ಬನ ಕೈಯಲ್ಲಿ ಹುಲ್ಲು ಕೆದರುವ ಮುಳ್ಳುಗೋಲು. ಬಲಕ್ಕೆ ತಿರುಗಿದೆ. ಕುದುರೆ ತೊಳೆಯುವ ಕಟ್ಟೆ... ಸೋಪಿನ ನೀರು... ಕಾಲು ಜಾರಿತು! ಬೆನ್ನ ಮೇಲೆ ಬಿದ್ದೆ. ತೋಳು ಮಾತ್ರ ಮೇಲೆತ್ತಿ ಹಿಡಿದಿದ್ದೆ. ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡು ಓಡಿ ಬರುತ್ತಿದ್ದ. ಉರುಳಿದೆ. ಸುತ್ತಿಗೆ ನನ್ನ ತಲೆ ಇದ್ದ ಜಾಗದಲ್ಲಿ ಕಲ್ಲಿಗೆ ಬಡಿಯಿತು. ಅಲ್ಲಿ ಕಟ್ಟಿದ್ದ ಕಪ್ಪು ಕುದುರೆ ಬೆದರಿ ಎರಡೂ ಹಿಂಗಾಲು ಝಾಡಿಸಿತು. ಮೇಸ್ತ್ರಿ ಹಿಂದೆ ಸರಿಯಲೇಬೇಕಾಯಿತು. ಕುದುರೆಗಳಿಗೂ ಲೆಕ್ಕ ಗೊತ್ತಿರುತ್ತದೇನೋ!

ಗೇಟು. ರಸ್ತೆ. ಒಂದು ಟ್ಯಾಕ್ಸಿ.

"ಆಸ್ಪತ್ರೆ!"

ಡ್ರೈವರ್ ನನ್ನ ತೋಳು ನೋಡಿದ. ಅದರಿಂದ ನೇತಾಡುತ್ತಿದ್ದ ಚಾಕು ನೋಡಿದ. "ಸೀಟಿಗೆ ತಾಗಿಸ್ಬೇಡಿ ಸಾರ್, ನಿನ್ನೆ ತಾನೇ ಕವರ್ ಹಾಕ್ಸಿದ್ದು" ಅಂದ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರಮ್ಮ ಚಾಕುವಿಗೆ ಕೈ ಹಾಕಿದರು.

"ಮುಟ್ಟಬೇಡಿ!" ಕಿರುಚಿದೆ. "ಹಿಡಿ ಮೇಲೆ ಅವನ ಬೆರಳಚ್ಚಿದೆ! ಸ್ಕೇಲ್ ಪಕ್ಕಕ್ಕಿಟ್ಟು ಫೋಟೋ ತೆಗೀರಿ! ಇನ್ಸ್‌ಪೆಕ್ಟರ್ ಬರಬೇಕು. ಅವರ ಕಣ್ಣೆದುರಿಗೇ ತೆಗೀಬೇಕು."

"ರೀ, ಬೆರಳು ಆಡಿಸೋ ಸ್ನಾಯುವಿನ ಹುರಿಗೆ ಸಿಕ್ಕಿಕೊಂಡಿದೆ. ತಡ ಆದಷ್ಟೂ ಕೈಗೆ ಕಷ್ಟ."

"ಎಷ್ಟು ಕಷ್ಟ?"

"ಬೆರಳು ಹೋಗಬಹುದು."

"ಹೋಗಲಿ."

ಆಕೆ ನನ್ನನ್ನು ಹುಚ್ಚನ ಹಾಗೆ ನೋಡಿದರು. ಇನ್ಸ್‌ಪೆಕ್ಟರ್ ಬರಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ತೋಳಿನಲ್ಲಿ ಚಾಕು ಇಟ್ಟುಕೊಂಡು ಕೂತಿದ್ದೆ. ಪೊಲೀಸರಿಲ್ಲದೆ ತೆಗೆದರೆ ಯಾವ ವಕೀಲನಾದರೂ ಅದನ್ನು ಕೋರ್ಟಿನಲ್ಲಿ ಚಿಂದಿ ಮಾಡುತ್ತಾನೆ. ಆ ನಿಯಮ ನನಗೆ ಗೊತ್ತು. ಗೊತ್ತಿರಬೇಕಾದ ಇನ್ನೊಂದು ಗೊತ್ತಿರಲಿಲ್ಲ, ಅಷ್ಟೇ. ಕೂತಲ್ಲೇ ಅತ್ತೆ. ನರ್ಸ್ ನೋವಿಗೆ ಅಂದುಕೊಂಡು ಇಂಜೆಕ್ಷನ್ ಕೊಟ್ಟಳು.

ಇನ್ಸ್‌ಪೆಕ್ಟರ್ ಬಂದ. ಗಾಯ ನೋಡಿದ. ತಂದಿದ್ದ ಹಳೇ ಫೈಲಿನಿಂದ ಆರು ವರ್ಷದ ಹಿಂದಿನ ಫೋಟೋ ತೆಗೆದು ಪಕ್ಕದಲ್ಲಿ ಹಿಡಿದ. ಸಪೂರ ತುದಿ, ಸುರುಳಿ ತುದಿ, ಅದೇ ತಿರುವು.

"ಅಯ್ಯೋ..." ಅಂದ. ಅಷ್ಟೇ ಅಂದ.

ಮೇಸ್ತ್ರಿಯನ್ನು ಶೆಡ್ಡಿನಲ್ಲೇ ಹಿಡಿದರು. ಓಡಿಹೋಗಿರಲಿಲ್ಲ. ಅರ್ಧಕ್ಕೆ ನಿಂತಿದ್ದ ಒಂದು ಕುದುರೆಯ ಲಾಳ ಮುಗಿಸುತ್ತಿದ್ದನಂತೆ.

ಉಳಿದದ್ದು ಲ್ಯಾಬಿನ ಕೆಲಸ. ಪಕ್ಕೆಲುಬು ಎದೆಯ ನಡುವೆ ಸೇರುವ ಕಡೆ ಮೂಳೆ ಮೆತ್ತಗಿರುತ್ತದೆ. ಚಾಕುವಿನ ಅಂಚಿನಲ್ಲಿರುವ ಸಣ್ಣ ಸಣ್ಣ ಹಲ್ಲು ಅಲ್ಲಿ ಗೀರಾಗಿ ಉಳಿಯುತ್ತದೆ. ಆಗ ಹೋಲಿಸಲು ಕೊಂದ ಚಾಕು ಸಿಕ್ಕಿರಲಿಲ್ಲ. ಆದರೆ ಡಾಕ್ಟರ ಎದೆಯಿಂದ ಆಗ ತೆಗೆದಿದ್ದ ರಬ್ಬರಿನ ಅಚ್ಚು ಇನ್ನೂ ಕಪಾಟಿನಲ್ಲಿತ್ತು. ಸಾಣೆ ಕೊಟ್ಟಿದ್ದರೆ ಚಾಕುವಿನ ಹಲ್ಲು ಅಳಿದುಹೋಗುತ್ತಿತ್ತು. ಮೇಸ್ತ್ರಿ ಕೊಟ್ಟಿರಲಿಲ್ಲ. ಅಚ್ಚಿಗೂ ಚಾಕುವಿಗೂ ಏಳು ಗೀರು ತಾಳೆಯಾದವು. ಹಿಡಿಯ ಮರದ ಸಂದಿನಲ್ಲಿ ನನ್ನ ರಕ್ತದ ಅಡಿಯಲ್ಲಿ ಡಾಕ್ಟರ ರಕ್ತ ಸಿಕ್ಕಿತು. ನೋಡಿದವರು ಮೇಡಂ. ಈ ಸಲ ನಾನು ಫೈಲು ಮುಟ್ಟಲಿಲ್ಲ.

"ಹಳೇ ರಿಪೋರ್ಟ್ ತಪ್ಪು ಅಂತ ನೀವೇ ಬರೆದುಕೊಡಬೇಕಾಗುತ್ತೆ" ಅಂದರು ಮೇಡಂ. "ಬರೆದ್ರೆ ನಿಮ್ಮ ಇಪ್ಪತ್ತೆರಡು ವರ್ಷದ ಕೇಸೆಲ್ಲ ಮತ್ತೆ ತೆರೀತಾರೆ."

"ತೆರೀಲಿ ಮೇಡಂ. ಒಳಗೆ ಇನ್ನೂ ಯಾರ್ಯಾರಿದ್ದಾರೋ!"

ಬರೆದುಕೊಟ್ಟೆ. ಕೆಲಸ ಬಿಟ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬಿಡುಗಡೆಯ ಆದೇಶ ಬರಲು ಮೂರು ತಿಂಗಳಾಯಿತು. ಜೈಲಿನ ಆಫೀಸಿನಲ್ಲಿ ಬೆಂಚಿನ ಮೇಲೆ ಕೂತಿದ್ದೆ. ತಮ್ಮನನ್ನು ಕರೆತಂದರು. ಕೂದಲು ಅರ್ಧ ಬೆಳ್ಳಗಾಗಿತ್ತು. ನನಗಿಂತ ಎಂಟು ವರ್ಷ ಚಿಕ್ಕವನು.

ಗುಮಾಸ್ತ ಪೆನ್ನು ಕೊಟ್ಟ. ತಮ್ಮ ಅದನ್ನು ಬಲಗೈಯಲ್ಲಿ ಹಿಡಿದು, ಒಂದನೇ ಕ್ಲಾಸಿನ ಮಗುವಿನ ಹಾಗೆ ಒತ್ತಿ ಒತ್ತಿ ಸಹಿ ಹಾಕಿದ.

"ಪುಟ್ಟಾ... ಬಲಗೈಯಲ್ಲಿ ಯಾವಾಗಿಂದ?"

"ಮೊದಲನೇ ವರ್ಷದಿಂದ. ಎಡಗೈಯಲ್ಲಿ ಲೋಟ ಎತ್ತಿದ್ರೂ ಎಲ್ಲಾರೂ ನೋಡೋರು." ಅವನು ಪೆನ್ನು ವಾಪಸ್ ಕೊಟ್ಟ. "ಅಭ್ಯಾಸ ಬಿಡಿಸ್ಕೊಂಡೆ."

ಇಬ್ಬರೂ ಹೊರಗೆ ಬಂದೆವು. ರಸ್ತೆಯ ಬಿಸಿಲಿಗೆ ಅವನು ಕಣ್ಣು ಕಿರಿದು ಮಾಡಿಕೊಂಡು ನಿಂತ. ನನ್ನ ತೋಳು ಹಿಡಿದ. ಗಾಯದ ಗುರುತನ್ನು ಹೆಬ್ಬೆರಳಿನಿಂದ ಸವರಿದ, ಕುದುರೆ ಕಾಲು ನೋಡುವವನ ಹಾಗೆ.

"ಎಷ್ಟು ಹೊಲಿಗೆ?"

"ಹತ್ತೊಂಬತ್ತು."

"ಬೆರಳು ಆಡುತ್ತಾ?"

"ಎರಡು ಆಡಲ್ಲ."

"ನೋಯುತ್ತಾ?"

"ಇಲ್ಲ." ಸುಳ್ಳು ಹೇಳಿದೆ. ಆಮೇಲೆ ತಡೆಯಲಾಗಲಿಲ್ಲ. "ಪುಟ್ಟಾ, ಕ್ಷಮಿಸೋ ನನ್ನ. ಕಾಲಿಗೆ ಬೀಳ್ತೀನಿ."

ಅವನು ತೋಳು ಬಿಟ್ಟ.

"ಅಮ್ಮ ಹೋದ ದಿನ ನನ್ನ ನಾಲ್ಕು ಗಂಟೆ ಬಿಡ್ತೀವಿ ಅಂದಿದ್ರು ಕಣೋ. ಮನೆಯವರ ಸಹಿ ಒಂದು ಬೇಕಿತ್ತು. ನಿನಗೆ ಫೋನ್ ಮಾಡಿದ್ರು."

"ಗೊತ್ತು."

"ಯಾಕೆ ಹಾಕ್ಲಿಲ್ಲ?"

ಏನು ಹೇಳಲಿ? ನೀನು ಕೊಲೆಗಾರ ಅಂದುಕೊಂಡಿದ್ದೆ ಅನ್ನಲೇ? ಅಮ್ಮ ಕೊನೇ ಗಳಿಗೆಯವರೆಗೂ ಬಾಗಿಲ ಕಡೆ ನೋಡುತ್ತಿದ್ದಳು ಅನ್ನಲೇ? ನನ್ನ ಕಣ್ಣು ಧಾರಾಕಾರ ಹರಿಯುತ್ತಿತ್ತು. ಅವನ ಕಣ್ಣೂ ತುಂಬಿತ್ತು, ಆದರೆ ದನಿ ನಡುಗಲಿಲ್ಲ.

"ನಾನು ಇಲ್ಲಿ ಆರು ವರ್ಷ ಐದು ತಿಂಗಳಿದ್ದೆ ಅಣ್ಣಾ. ಈಗಲೇ ಕ್ಷಮಿಸ್ದೆ ಅಂದ್ಬಿಟ್ರೆ ಇವತ್ತು ರಾತ್ರಿ ನೀನು ಚೆನ್ನಾಗಿ ನಿದ್ದೆ ಮಾಡ್ತೀಯ. ಬೇಡ. ಅಷ್ಟೇ ದಿನ ನೀನೂ ಕಾಯಿ. ಆಮೇಲೆ ಬಾ, ಮಾತಾಡೋಣ."

"ಎಲ್ಲಿರ್ತೀಯ? ಎಲ್ಲಿಗೆ ಬರ್ಲಿ?"

"ನಾನೇ ಹೇಳಿ ಕಳಿಸ್ತೀನಿ."

ಬಸ್ಸು ಬಂತು. ಹತ್ತಿದ. ಕಿಟಕಿ ಪಕ್ಕ ಕೂತ. ತಿರುಗಿ ನೋಡಲಿಲ್ಲ.

ನನ್ನ ಶಿಕ್ಷೆ ಶುರುವಾಗಿ ಇವತ್ತಿಗೆ ನಲವತ್ತೊಂದು ದಿನ... ಸನ್ನಡತೆಗೆ ಒಂದಷ್ಟು ದಿನ ವಜಾ ಮಾಡುತ್ತಾರಂತೆ, ನೋಡೋಣ!